ಬಂಡಾಯವೆಂಬ ಬಿರುದು, ಬಜಾರಿಯೆಂಬ ಬೈಗುಳ

ಚುನಾವಣೆ ಹತ್ತಿರ ಬಂತೆಂದರೆ ಕನ್ನಡ ಪತ್ರಿಕೆಗಳಲ್ಲಿ ಒಂದು ಪದಕ್ಕೆ ಕೈತುಂಬ ಕೆಲಸ. ಬಿ ಫಾರಂ ಕೈತಪ್ಪಿದ ಸಂಜೆ ಬಂಡಾಯ ಏಳುತ್ತದೆ. ಮರುದಿನ ಯಾವುದೋ ಕಲ್ಯಾಣ ಮಂಟಪದಲ್ಲಿ ಬೆಂಬಲಿಗರ ಸಭೆ ಸೇರಿ ಬಂಡಾಯದ ಬಾವುಟ ಹಾರುತ್ತದೆ. ಹಿರಿಯ ನಾಯಕರು ಕಾರಿಳಿದು ಮನೆಗೆ ಬಂದು ಬಾಗಿಲು ಹಾಕಿಕೊಂಡು ಮಾತಾಡುತ್ತಾರೆ. ನಾಮಪತ್ರ ವಾಪಸು ಪಡೆಯುವ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಬಂಡಾಯ ಶಮನ. ಶಮನ ಎನ್ನುವುದು ಪಿತ್ತಕ್ಕೋ ಹಲ್ಲುನೋವಿಗೋ ಹೇಳುವ ಮಾತು; ಈಗಿನ ಬಂಡಾಯಗಳೂ ಅಷ್ಟರವೇ. ಅಪರೂಪಕ್ಕೆ ಶಮನವಾಗದವರೂ ಇರುತ್ತಾರೆ. 2024ರ ಲೋಕಸಭಾ ಚುನಾವಣೆಯಲ್ಲಿ ಶಿವಮೊಗ್ಗದಿಂದ ಕೆ.ಎಸ್. ಈಶ್ವರಪ್ಪ ಪಕ್ಷದಿಂದ ಉಚ್ಚಾಟನೆಯಾದರೂ ಕಣದಲ್ಲಿ ಉಳಿದರು, ಸೋತರು. ಆದರೂ ಅವರು ಪಕ್ಷದ ಯಾವ ಸಿದ್ಧಾಂತವನ್ನೂ ಅಲ್ಲಗಳೆದಿರಲಿಲ್ಲ. ಅವರಿಗಿದ್ದ ತಕರಾರು ಮಗನಿಗೆ ಟಿಕೆಟ್ ಸಿಗದ ಬಗ್ಗೆ. ಪತ್ರಿಕೆಗಳಿಗೆ ಅದೂ ಬಂಡಾಯವೇ.

ಶ್ರೀನಗರದಲ್ಲಿ ಕೂತು ಈ ಪದದ ಗತಿ ನೋಡಿದರೆ ನಗು ಬರಲು ಕಾರಣವಿದೆ. ಶ್ರೀನಗರ ಎಂದ ಕೂಡಲೆ ಹೊರಗಿನವರು ಕಾಶ್ಮೀರವೆಂದುಕೊಂಡು ಹುಬ್ಬೇರಿಸುವುದುಂಟು. ನಮ್ಮದು ಬೆಂಗಳೂರಿನ ಹನುಮಂತನಗರದಾಚೆಯ ಶ್ರೀನಗರ. ಕಾಳಿದಾಸ ಲೇಔಟು, ರಾಘವೇಂದ್ರ ಬ್ಲಾಕು, ಬೆಳಗ್ಗೆ ಸಂಜೆ ಕಾಲೇಜು ಹುಡುಗರಿಂದ ಗಿಜಿಗುಡುವ ಐವತ್ತಡಿ ರಸ್ತೆ. ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ, ಗುರುವಾರ ಮಠಕ್ಕೆ ಹೋಗಿಬರುವ, ಮಕ್ಕಳಿಗೆ ‘ಅಧಿಕಪ್ರಸಂಗ ಮಾಡಬೇಡ’ ಎಂದು ಗದರುವ ಮಧ್ಯಮವರ್ಗದ ಮೊಹಲ್ಲಾ. ಇಲ್ಲಿಂದ ನಡೆದೇ ಹೋಗಬಹುದಾದ ಬಸವನಗುಡಿಯ ಮೂರ್ನಾಲ್ಕು ಬೀದಿಗಳಲ್ಲಿ, ಕನ್ನಡದಲ್ಲಿ ರೂಢಿ ಮುರಿದವರ ಒಂದು ದೊಡ್ಡ ಅಧ್ಯಾಯವೇ ನಡೆದುಹೋಗಿದೆ. ಅವರಲ್ಲಿ ಯಾರಿಗೆ ಯಾವ ಹೆಸರು ಸಿಕ್ಕಿತು, ಯಾರು ಕೊಟ್ಟರು ಎನ್ನುವುದು ಈ ಬರಹದ ವಿಷಯ.

ಮೊದಲು ಬಂಡಾಯದ ಹಳೆಯ ಬೆಲೆ ನೋಡೋಣ. ಪದ ಮರಾಠಿ ಸೀಮೆಯ ಕಡೆಯದು. ಅಲ್ಲಿ ಬಂಡ ಎಂದರೆ ದಂಗೆ, ಬಂಡಖೋರ ಎಂದರೆ ದಂಗೆಯೆದ್ದವನು. ನಮ್ಮ ಬಂಡುಕೋರ ಅವನೇ. ಕನ್ನಡದಲ್ಲಿ ಈ ಪದ ಗಟ್ಟಿಯಾಗಿ ನಿಂತದ್ದು ನರಗುಂದದ ಜೊತೆಗೆ. ಅಲ್ಲಿನ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ದತ್ತು ತೆಗೆದುಕೊಳ್ಳಲು ಅನುಮತಿ ಕೇಳಿದರೆ ಬ್ರಿಟಿಷರು ಕೊಡಲಿಲ್ಲ. ಮೇಲೆ ಆಯುಧಗಳನ್ನೂ ಒಪ್ಪಿಸಿ ಎಂದರು. 1858ರ ಮೇ ತಿಂಗಳ ಕೊನೆಯಲ್ಲಿ ಸುರೇಬಾನದಲ್ಲಿ ತಂಗಿದ್ದ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ತಲೆ ಕಡಿದು ತಂದು ನರಗುಂದದ ಅಗಸೆಗೆ ಕಟ್ಟಿದರು. ಹದಿನೈದು ದಿನ ಕಳೆಯುವುದರೊಳಗೆ, ಜೂನ್ 12ರಂದು, ಬೆಳಗಾವಿಯಲ್ಲಿ ಭಾಸ್ಕರರಾಯನನ್ನು ಗಲ್ಲಿಗೇರಿಸಲಾಯಿತು. ಬಂಡಾಯಕ್ಕೆ ಆಗ ಮಧ್ಯಾಹ್ನ ಮೂರು ಗಂಟೆಯ ಗಡುವಿರಲಿಲ್ಲ.

ಅದೇ ಕಾಲದ, ಅದೇ ಬಗೆಯ ಇತರ ಘಟನೆಗಳಿಗೆ ಬೇರೆ ಬೇರೆ ಹೆಸರುಗಳಿವೆ. ಹಲಗಲಿಯ ಬೇಡರದು ದಂಗೆ. 1830ರಲ್ಲಿ ಕಂದಾಯದ ಕಾಟ ತಾಳಲಾರದೆ ಮಲೆನಾಡಿನ ನಗರ ಸೀಮೆಯ ರೈತರು ಎದ್ದದ್ದೂ ದಂಗೆಯೇ. ಅದರ ನೆಪದಲ್ಲಿ ಬ್ರಿಟಿಷರು ಮರುವರ್ಷ ಮೈಸೂರಿನ ಆಡಳಿತವನ್ನೇ ಅರಸರ ಕೈಯಿಂದ ಕಿತ್ತುಕೊಂಡರು. ಎಲ್ಲಕ್ಕಿಂತ ವಿಚಿತ್ರ ಸುಳ್ಯದ ಕಥೆ. 1837ರಲ್ಲಿ ಸುಳ್ಯ, ಪುತ್ತೂರು ಕಡೆಯ ರೈತರು ಕೆದಂಬಾಡಿ ರಾಮಯ್ಯ ಗೌಡರಂಥವರ ಮುಂದಾಳತ್ವದಲ್ಲಿ ಮಂಗಳೂರಿಗೇ ದಂಡೆತ್ತಿ ಹೋದರು. ಕಲೆಕ್ಟರನ ಕಚೇರಿ ಹಿಡಿದು, ಗುಡ್ಡದ ಮೇಲೆ ತಮ್ಮ ಬಾವುಟ ಏರಿಸಿ ಹದಿಮೂರು ದಿನ ಆಳಿದರು. ಆ ಗುಡ್ಡ ಇವತ್ತಿಗೂ ಬಾವುಟಗುಡ್ಡೆ. ಆದರೆ ಆ ಸೀಮೆಯ ಬಾಯಿಮಾತಿನಲ್ಲಿ ಬಹುಕಾಲ ಉಳಿದದ್ದು ಅದರ ಇನ್ನೊಬ್ಬ ಮುಂದಾಳು ಕಲ್ಯಾಣಪ್ಪನ ಹೆಸರು ಹೊತ್ತ ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಎಂಬ ಮಾತಿನಲ್ಲಿ ಲೂಟಿಯ ದನಿಯೇ ಜೋರು. ಸೋತವರ ಮೊಮ್ಮಕ್ಕಳೇ ಅದನ್ನು ಕಾಟಕಾಯಿ ಎಂದು ಹೇಳಿಕೊಂಡು ಬಂದರು. ಗೆದ್ದವರಿಟ್ಟ ಹೆಸರು ಊರಿನ ನಾಲಿಗೆಗೇ ಹತ್ತಿಬಿಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಈಗ ಪುಸ್ತಕಗಳಲ್ಲಿ ಅದು ಅಮರ ಸುಳ್ಯದ ಸ್ವಾತಂತ್ರ್ಯ ಸಮರ. 2022ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆಯೂ ನಿಂತಿತು. ಕಾಟಕಾಯಿಯಿಂದ ಸಮರಕ್ಕೆ ಬಡ್ತಿ ಪಡೆಯಲು ಒಂದೂವರೆ ಶತಮಾನಕ್ಕೂ ಹೆಚ್ಚು ಹಿಡಿಯಿತು.

ಬಂಡಾಯಕ್ಕೆ ಹೀಗೆ ಕಾಯುವ ಪ್ರಸಂಗ ಬರಲಿಲ್ಲ. ಒಂದು ಗುಂಪು ಅದನ್ನು ಎತ್ತಿಕೊಂಡು ತನ್ನ ಎದೆಗೇ ಚುಚ್ಚಿಕೊಂಡಿತು. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1973ರ ನವೆಂಬರಿನಲ್ಲಿ ದೇವರಾಜ ಅರಸರ ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ದನಕ್ಕೆ ಹಾಕುವ ಬೂಸಾ. ಊರೆಲ್ಲ ಹೊತ್ತಿ ಉರಿಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ಮಂತ್ರಿಗಿರಿ ಬಿಟ್ಟರು. ದಲಿತ ಚಳವಳಿಗೆ ಕರ್ನಾಟಕದಲ್ಲಿ ಕಿಡಿ ಬಿದ್ದದ್ದು ಆಗ. ಮುಂದೆ 1979ರಲ್ಲಿ ಧರ್ಮಸ್ಥಳದಲ್ಲಿ ಗೋಪಾಲಕೃಷ್ಣ ಅಡಿಗರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ಗೊತ್ತಾಯಿತು. ದಲಿತ ಸಾಹಿತ್ಯಕ್ಕೆ ಬೇರೆಯೇ ಗೋಷ್ಠಿ ಬೇಕೆಂದು ಚೆನ್ನಣ್ಣ ವಾಲೀಕಾರ ಕೇಳಿದರು, ಸಮ್ಮೇಳನ ನಡೆಸುವ ಕನ್ನಡ ಸಾಹಿತ್ಯ ಪರಿಷತ್ತು ಒಪ್ಪಲಿಲ್ಲ. ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಪ್ರತಿಯಾಗಿ ಇನ್ನೊಂದು ಸಮ್ಮೇಳನ ಸೇರಿತು, ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಬರಗೂರು ರಾಮಚಂದ್ರಪ್ಪ, ಸಿದ್ಧಲಿಂಗಯ್ಯ, ಡಿ.ಆರ್. ನಾಗರಾಜ್, ಕಾಳೇಗೌಡ ನಾಗವಾರ, ಶೂದ್ರ ಶ್ರೀನಿವಾಸ್ ಇವರೆಲ್ಲ ಅದರ ಮುಂಚೂಣಿಯಲ್ಲಿದ್ದರು. ಅಡಿಗರೂ ತಮ್ಮ ಕಾಲದಲ್ಲಿ ಕಾವ್ಯದ ರೂಢಿ ಮುರಿದವರೇ; ಹೊಸಬರು ಮುರಿಯಲು ಹೊರಟಾಗ ಅಧ್ಯಕ್ಷರ ಪೀಠದಲ್ಲಿ ಇದ್ದವರು ಅವರೇ ಎಂಬುದು ಸಾಹಿತ್ಯ ಚರಿತ್ರೆಯ ಕುಚೋದ್ಯ.

ಆ ಗುಂಪು ಈ ಪದವನ್ನೇ ಆರಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. ಅಲ್ಲಿಯವರೆಗೂ ಕನ್ನಡ ಸಾಹಿತ್ಯದ ಘಟ್ಟಗಳಿಗೆಲ್ಲ ನವೋದಯ, ಪ್ರಗತಿಶೀಲ, ನವ್ಯ ಎಂದು ಮಡಿಯುಟ್ಟ ಹೆಸರುಗಳು. ಮೊದಲ ಬಾರಿಗೆ ಪೊಲೀಸು ಕಡತದಲ್ಲಿ ಇರಬೇಕಾದ ಪದವೊಂದು ಸಾಹಿತ್ಯದ ಹಣೆಪಟ್ಟಿಯಾಯಿತು. ಮರುವರ್ಷವೇ ಹಳೆಯ ನರಗುಂದ ಅದಕ್ಕೆ ಮತ್ತೆ ರಕ್ತ ತುಂಬಿತು. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರು ಬಾರದ ಹೊಲಕ್ಕೂ ಅಭಿವೃದ್ಧಿ ಕರ ಕಟ್ಟಬೇಕೆಂಬ ಸರ್ಕಾರದ ಒತ್ತಾಯಕ್ಕೆ ಎದುರು ನಿಂತರು. ನರಗುಂದ, ನವಲಗುಂದಗಳಲ್ಲಿ ಪೊಲೀಸರು ಗುಂಡು ಹಾರಿಸಿದರು, ರೈತರು ಸತ್ತರು. ಗುಂಡೂರಾವ್ ಸರ್ಕಾರದ ಬುಡ ಅಲುಗಿದ್ದು ಅಲ್ಲಿಂದಲೇ. 1858ರದೂ ನರಗುಂದ ಬಂಡಾಯ, 1980ರದೂ ನರಗುಂದ ಬಂಡಾಯ. ನವಲಗುಂದದ ಕಡೆ ಪ್ರತಿ ಜುಲೈ 21ರಂದು ವೀರಗಲ್ಲಿಗೆ ಹೂ ಹಾಕುವವರ ಮುಂದೆ ‘ಬಂಡಾಯ ಅಭ್ಯರ್ಥಿ’ ಎಂಬ ಮಾತು ಎತ್ತಿದರೆ ಅವರಿಗೆ ಹೇಗೆ ಕೇಳಿಸೀತು?

ಪದ ಬಿರುದಾಗುವುದರಲ್ಲಿ ಒಂದು ತೊಡಕೂ ಇದೆ. ಬಿರುದು ಎಂದ ಮೇಲೆ ಸನ್ಮಾನ ಇದ್ದದ್ದೇ. 2015ರಲ್ಲಿ ಶ್ರವಣಬೆಳಗೊಳದ ಸಮ್ಮೇಳನಕ್ಕೆ ಸಿದ್ಧಲಿಂಗಯ್ಯ ಅಧ್ಯಕ್ಷರಾದರು, ಅದರ ಬೆನ್ನಿಗೆ 2016ರ ರಾಯಚೂರು ಸಮ್ಮೇಳನಕ್ಕೆ ಬರಗೂರು. ಯಾವ ಸಮ್ಮೇಳನಕ್ಕೆ ಸೆಡ್ಡು ಹೊಡೆದು ಬಂಡಾಯ ಹುಟ್ಟಿತೋ ಅದೇ ಸಮ್ಮೇಳನದ ಸಾರೋಟು. ಇದನ್ನು ಸೋಲು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ; ಮೂವತ್ತೇಳು ವರ್ಷದಲ್ಲಿ ಸಾರೋಟು ಎಳೆಯುವ ದಾರಿಯೇ ಸ್ವಲ್ಪ ಬದಲಾಗಿತ್ತು. ಆದರೂ ಬಂಡಾಯ ಎಂಬ ಪದ ಆ ಹೊತ್ತಿಗೆ ಪಠ್ಯಪುಸ್ತಕದ ಐದು ಅಂಕದ ಪ್ರಶ್ನೆಯಾಗಿತ್ತು ಎಂಬುದೂ ನಿಜ.

ಈಗ ಬಸವನಗುಡಿಗೆ ಬರೋಣ. 1980ರಲ್ಲಿ ಪಿ. ಲಂಕೇಶ್ ಶುರುಮಾಡಿದ ವಾರಪತ್ರಿಕೆಯ ಕಚೇರಿ ಇದ್ದದ್ದು ಇಲ್ಲಿನ ಈಸ್ಟ್ ಆಂಜನೇಯ ಟೆಂಪಲ್ ಸ್ಟ್ರೀಟಿನಲ್ಲಿ. ಬೀದಿಗೆ ಆಂಜನೇಯನ ಹೆಸರು, ಒಳಗೆ ಕೂತವರು ಯಾವ ದೇವರಿಗೂ ಯಾವ ಮಂತ್ರಿಗೂ ಕೈಮುಗಿಯದವರು. ಜಾಹೀರಾತು ಬೇಡವೆಂದರು, ಓದುಗನ ದುಡ್ಡಿನಲ್ಲೇ ಪತ್ರಿಕೆ ನಡೆಸಿದರು. ಲಂಕೇಶರಿಗೆ ಈ ಪಾತ್ರ ಹೊಸದೇನಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ 1970ರಲ್ಲಿ ಸಿನಿಮಾ ಆದಾಗ ಅಗ್ರಹಾರದ ಕಟ್ಟಳೆಗಳನ್ನೆಲ್ಲ ಮುರಿದ ನಾರಣಪ್ಪನಾಗಿ ತೆರೆಯ ಮೇಲೆ ಬಂದವರು ಅವರೇ. ಸೆನ್ಸಾರಿನವರು ಚಿತ್ರವನ್ನು ಮೊದಲು ತಡೆಹಿಡಿದರು, ಆಮೇಲೆ ಅದಕ್ಕೇ ರಾಷ್ಟ್ರಪತಿಗಳ ಸ್ವರ್ಣಪದಕ ಬಂತು. ಅಗ್ರಹಾರದವರು ನಾರಣಪ್ಪನನ್ನು ಬಂಡಾಯಗಾರ ಎಂದು ಕರೆಯುವುದಿಲ್ಲ. ಅಂಥವರಿಗೆ ಊರಿನಲ್ಲಿದ್ದ ಪದ ಜಾತಿಗೆಟ್ಟವನು. ಗೆಟ್ಟವನು ಎಂದಮೇಲೆ ಮುಗಿಯಿತು. ಹಾಲು ಕೆಟ್ಟ ಮೇಲೆ ಅದಕ್ಕೊಂದು ಸಿದ್ಧಾಂತ ಇರಬಹುದೆಂದು ಯಾರೂ ವಿಚಾರಿಸುವುದಿಲ್ಲ.

ಲಂಕೇಶರ ಕಚೇರಿಯಿಂದ ಹತ್ತು ನಿಮಿಷ ನಡೆದರೆ ನ್ಯಾಷನಲ್ ಕಾಲೇಜು. ಇಲ್ಲಿ ಎಚ್. ನರಸಿಂಹಯ್ಯನವರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ರೂಢಿ ಮುರಿದವರು ಎಂದರೆ ಉದ್ದ ಕೂದಲು, ಬಾಯಲ್ಲಿ ಸಿಗರೇಟು, ಕಣ್ಣಲ್ಲಿ ಕೆಂಡ ಎಂದೆಲ್ಲ ಊಹಿಸಿಕೊಳ್ಳುವವರಿಗೆ ಅವರು ಒಗ್ಗುವುದೇ ಇಲ್ಲ. ಖಾದಿ ಪಂಚೆ, ಖಾದಿ ಜುಬ್ಬ, ತಲೆಯ ಮೇಲೆ ಗಾಂಧಿ ಟೋಪಿ. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ದಶಕಗಟ್ಟಲೆ ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕಿದರು. ಗೌರಿಬಿದನೂರಿನ ಹತ್ತಿರದ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಬಸ್ಸಿಗೆ ಕಾಸಿಲ್ಲದೆ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಬಂದ ಹುಡುಗ. 1942ರ ಚಳವಳಿಯಲ್ಲಿ ಜೈಲು ಕಂಡರು. ಆಮೇಲೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಡಾಕ್ಟರೇಟು ಮಾಡಿ, ಮತ್ತದೇ ಹಾಸ್ಟೆಲಿಗೆ ಮರಳಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು.

ನೋಡಲು ಇಷ್ಟು ಸಾಧುವಾದ ಮೇಷ್ಟರು 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಕುಲಪತಿಗಳು ಸಾಮಾನ್ಯವಾಗಿ ಮಾಡುವ ಕೆಲಸ ದೀಪ ಬೆಳಗುವುದು. ಇವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸಲು ವಿಶ್ವವಿದ್ಯಾಲಯದಿಂದಲೇ ಒಂದು ಸಮಿತಿ ಮಾಡಿದರು. ಸತ್ಯಸಾಯಿಬಾಬಾ ಅವರಿಗೆ ಒಂದಲ್ಲ, ಮೂರು ಪತ್ರ ಬರೆದರು: ನಮ್ಮೆದುರು, ನಾವು ಹೇಳುವ ನಿಯಮಕ್ಕೆ ಒಳಪಟ್ಟು ಪವಾಡ ಮಾಡಿ ತೋರಿಸಿ. ಉತ್ತರ ಬರಲಿಲ್ಲ. ವಿಭೂತಿ, ಉಂಗುರವಾದರೆ ಅಂಗಿಯ ತೋಳಿನಲ್ಲಿ ಅಡಗೀತು, ಕುಂಬಳಕಾಯಿ ತರಿಸಿ ನೋಡೋಣ ಎಂಬ ಸವಾಲು ಆ ಕಾಲದಲ್ಲಿ ಗಾಂಧಿ ಬಜಾರಿನ ಕಾಫಿ ಟೇಬಲುಗಳಲ್ಲೆಲ್ಲ ಓಡಾಡಿತ್ತು. ಬರೀ ಪತ್ರವಲ್ಲ, ಸಮಿತಿ ಹೋಗಿಯೂ ನೋಡಿತು. ಪಾಂಡವಪುರದಲ್ಲಿ ಒಬ್ಬ ಪುಟ್ಟ ಹುಡುಗನ ಕೈಯಿಂದ ವಿಭೂತಿ ಉದುರುತ್ತದೆಂದು ಜನ ಮುಗಿಬೀಳುತ್ತಿದ್ದರು. ಸಮಿತಿಯವರು ಹೋಗಿ ಹುಡುಗನ ಬಟ್ಟೆ ಪರೀಕ್ಷಿಸಿದರೆ ವಿಭೂತಿ ಇದ್ದದ್ದು ಅಲ್ಲಿ. ಪವಾಡ ಅಂದಿಗೆ ಮುಗಿಯಿತು.

ಇಂಥ ಮನುಷ್ಯನನ್ನು ನಮ್ಮ ಬಡಾವಣೆಗಳು ಏನೆಂದು ಕರೆದವು? ಪತ್ರಿಕೆಯಲ್ಲಿ ವಿಚಾರವಾದಿ. ಮನೆಯೊಳಗೆ ನಾಸ್ತಿಕ. ಇನ್ನೂ ಒಳಗೆ, ಅಡುಗೆಮನೆಯ ಕಡೆ, ‘ಆ ಮೇಷ್ಟ್ರಿಗೆ ಎಲ್ಲಾ ಸರಿ, ಅದೊಂದು ತಿಕ್ಕಲು’. ಹಾಗೆನ್ನುತ್ತಲೇ ಮಗನಿಗೆ ಅದೇ ಕಾಲೇಜಿನಲ್ಲಿ ಸೀಟಿಗಾಗಿ ಅರ್ಜಿ ಹಾಕುತ್ತಿದ್ದರು. ದಕ್ಷಿಣ ಬೆಂಗಳೂರಿನ ಈ ಗುಣ ನನಗೆ ಯಾವಾಗಲೂ ಸೋಜಿಗ. ರೂಢಿ ಮುರಿದವನನ್ನು ಬಹಿಷ್ಕರಿಸುವುದಿಲ್ಲ. ಅವನ ಮೇಲೊಂದು ಸಣ್ಣ ಪದ ಎಸೆದು ಅವನ ಜೊತೆ ಕಾಫಿ ಕುಡಿಯುತ್ತದೆ. ತಿಕ್ಕಲು ಎಂಬುದು ಹಾಗೆ ಕ್ಷಮೆಯನ್ನೂ ಒಳಗಿಟ್ಟುಕೊಂಡ ಪದ. ಟಿ.ಪಿ. ಕೈಲಾಸಂಗೂ ಸಿಕ್ಕಿದ್ದು ಇದೇ. ಹೈಕೋರ್ಟಿನ ನ್ಯಾಯಮೂರ್ತಿ ಪರಮಶಿವ ಅಯ್ಯರ್ ಅವರ ಮಗ, ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು, ಸಿಕ್ಕ ಸರ್ಕಾರಿ ನೌಕರಿಯನ್ನು ಬಿಟ್ಟು ನಾಟಕ ಹಿಡಿದರು. ಬೀದಿಯ ಕನ್ನಡವನ್ನೂ ಇಂಗ್ಲಿಷನ್ನೂ ಕಲಸಿ ರಂಗದ ಮೇಲೆ ತಂದರು. ವಿಚಿತ್ರ ಮನುಷ್ಯ ಎಂದವರೇ 1945ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿದರು.

‘ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ’ ಎಂಬ ಗಾದೆ ಇದೆ. ಬೈದರೂ ಅವನಿಗೊಂದು ದಾರಿ ಇದೆಯೆಂದು ಗಾದೆ ಒಪ್ಪಿಕೊಂಡಿದೆ. ಆದರೆ ಗಾದೆಯಲ್ಲಿರುವವನು ಎಡವಟ್ಟ, ಎಡವಟ್ಟಿ ಅಲ್ಲ. ಇಷ್ಟು ಹೊತ್ತು ನಾನು ಬರೆದ ಹೆಸರುಗಳನ್ನೂ ಹಿಂತಿರುಗಿ ನೋಡಿ, ಒಬ್ಬ ಹೆಂಗಸೂ ಇಲ್ಲ. ಕನ್ನಡದಲ್ಲಿ ರೂಢಿ ಮುರಿದ ಹೆಂಗಸರಿಗೆ ಏನು ಬರ? ಬರವಿರುವುದು ಮಾತಿಗೆ. ‘ಹೆಣ್ಣಿಗೆ ಹಠ ಇರಬಾರದು, ಗಂಡಿಗೆ ಚಟ ಇರಬಾರದು’ ಎಂದು ಇನ್ನೊಂದು ಗಾದೆ ಖಡಾಖಂಡಿತವಾಗಿ ಹೇಳಿಬಿಟ್ಟಿದೆ. ಗಂಡಿಗೆ ಕುಡಿತ, ಇಸ್ಪೀಟು ಹೇಗೋ, ಹೆಣ್ಣಿಗೆ ತನ್ನ ಮಾತಿಗೆ ತಾನು ನಿಲ್ಲುವುದು ಹಾಗೆ.

ಗಂಡುಗಲಿ ಎಂದರೆ ಹೊಗಳಿಕೆ. ಕುಮಾರರಾಮ ಗಂಡುಗಲಿ. ಗಂಡುಮೆಟ್ಟಿನ ನಾಡು ಎಂದು ಹುಬ್ಬಳ್ಳಿ ಧಾರವಾಡದವರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಾರೆ. ಅದೇ ಗಂಡು ಎಂಬುದನ್ನು ಹೆಂಗಸಿಗೆ ಅಂಟಿಸಿದರೆ ಗಂಡುಬೀರಿ, ಬೈಗುಳ. ಹಳಗನ್ನಡದಲ್ಲಿ ಬೀರ ಎಂದರೆ ವೀರ. ಗಂಡುಬೀರಿ ಎನ್ನುವಾಗ ನನ್ನ ಕಿವಿಗೆ ಬೀಳುವುದು ಆ ಬೀರವೇ. ಎರಡು ಹೊಗಳಿಕೆಗಳನ್ನು ಕೂಡಿಸಿ ಒಂದು ಬೈಗುಳ ಮಾಡಿದ ಜಾಣತನಕ್ಕೆ ಏನೆನ್ನಬೇಕು? ಬಜಾರಿಯೂ ಅಷ್ಟೆ. ಬಜಾರಿಗೆ ಹೋಗುವ ಗಂಡಸು ವ್ಯಾಪಾರಿ, ಗಿರಾಕಿ, ಏನೂ ಇಲ್ಲವೆಂದರೆ ಸುಮ್ಮನೆ ಅಡ್ಡಾಡುವವನು. ಬಜಾರಿನಲ್ಲಿ ದನಿ ಎತ್ತಿದ ಹೆಂಗಸು ಬಜಾರಿ. ನಮ್ಮ ಕಡೆಯ ಅತ್ಯಂತ ಗೌರವಸ್ಥ ಹೂವು ಹಣ್ಣಿನ ಪೇಟೆಯ ಹೆಸರು ಗಾಂಧಿ ಬಜಾರು. ಅಲ್ಲಿ ಕೂತು ಅವರೆಕಾಯಿ, ಮಲ್ಲಿಗೆ ಮಾರುವವರಲ್ಲಿ ಎಷ್ಟೋ ಮಂದಿ ಹೆಂಗಸರು. ಬಜಾರಿ ಎಂದು ಯಾರನ್ನೋ ಬೈದು ಬಂದ ನಾಲಿಗೆಯೇ ಅವರೊಡನೆ ‘ಏನಮ್ಮಾ, ಸ್ವಲ್ಪ ನೋಡಿ ಹಾಕು’ ಎಂದು ಚೌಕಾಸಿಗಿಳಿಯುತ್ತದೆ.

ಹೆಂಗಸರಿಗೆ ಒಳ್ಳೆಯ ಪದ ಸಿಕ್ಕುವುದೇ ಇಲ್ಲವೆಂದಲ್ಲ. ಸಿಕ್ಕುತ್ತದೆ, ಆದರೆ ಸತ್ತ ಮೇಲೆ, ಅದೂ ಕತ್ತಿ ಹಿಡಿದಿದ್ದರೆ. ಕಿತ್ತೂರಿನ ಚೆನ್ನಮ್ಮ, ಕೆಳದಿಯ ಚೆನ್ನಮ್ಮ, ಬೆಳವಡಿಯ ಮಲ್ಲಮ್ಮ, ಒನಕೆ ಹಿಡಿದ ಓಬವ್ವ ಇವರೆಲ್ಲ ವೀರವನಿತೆಯರು. ಶತ್ರು ಕೋಟೆಯ ಹೊರಗಿದ್ದರೆ ವೀರವನಿತೆ, ಮನೆಯೊಳಗಿದ್ದರೆ ಗಂಡುಬೀರಿ. ಕೊಡಗಿನ ಗೌರಮ್ಮನನ್ನು ಯಾವುದಕ್ಕೆ ಸೇರಿಸೋಣ? 1912ರಲ್ಲಿ ಹುಟ್ಟಿದ ಹೆಣ್ಣುಮಗಳು. ಟೆನಿಸ್ ಆಡುತ್ತಿದ್ದಳು, ಹೊಳೆಗಿಳಿದು ಈಜುತ್ತಿದ್ದಳು, ವಿಧವೆಯರ ಬಗ್ಗೆ, ಜಾತಿ ಮೀರಿದ ಪ್ರೀತಿಯ ಬಗ್ಗೆ ಕಥೆ ಬರೆಯುತ್ತಿದ್ದಳು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಅವರು ತನ್ನ ಮನೆಗೆ ಬರಲೇಬೇಕೆಂದು ಉಪವಾಸ ಕೂತಳು. ಸತ್ಯಾಗ್ರಹದ ಗುರುವಿನ ಮೇಲೇ ಸತ್ಯಾಗ್ರಹ! ಅವರು ಬಂದರು, ಈಕೆ ಮೈಮೇಲಿನ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟಳು. ಇಪ್ಪತ್ತೇಳನೆಯ ವಯಸ್ಸಿನಲ್ಲಿ, 1939ರಲ್ಲಿ, ಈಜಲು ಇಳಿದ ಹೊಳೆಯ ಸುಳಿ ಅವಳನ್ನು ಒಯ್ದಿತು. ಹೆಣ್ಣಿಗೆ ಹಠ ಇರಬಾರದೆಂಬ ಗಾದೆ ಆ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿರಲಾರದು.

‘ಸಂಸ್ಕಾರ’ ಸಿನಿಮಾದಲ್ಲಿ ನಾರಣಪ್ಪನ ಸಂಗಾತಿ ಚಂದ್ರಿಯಾಗಿದ್ದವರು ಸ್ನೇಹಲತಾ ರೆಡ್ಡಿ. ನಾರಣಪ್ಪನ ವೇಷ ಹಾಕಿದ ಲಂಕೇಶರ ಮಾತು ಎಲ್ಲರೂ ಆಡುತ್ತಾರೆ. ಸ್ನೇಹಲತಾ ತುರ್ತುಪರಿಸ್ಥಿತಿಯಲ್ಲಿ 1976ರಲ್ಲಿ ಬಂಧನಕ್ಕೊಳಗಾಗಿ, ಅಸ್ತಮಾ ಇದ್ದರೂ ತಿಂಗಳುಗಟ್ಟಲೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಇದ್ದರು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಬಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಜೈಲು ಈಗ ಫ್ರೀಡಂ ಪಾರ್ಕು. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟುವ ಎರಡು ವರ್ಷ ಮೊದಲೇ ಸತ್ತದ್ದರಿಂದಲೋ ಏನೋ, ಆ ಪಟ್ಟಿಯಲ್ಲಿ ಅವರ ಹೆಸರು ಹುಡುಕಬೇಕಾಗುತ್ತದೆ.

ಲಂಕೇಶ್ ಪತ್ರಿಕೆಯ ದೊಡ್ಡ ಕೆಲಸಗಳಲ್ಲಿ ಒಂದು ಇಂಥ ಹೆಂಗಸರಿಗೆ ಪುಟ ಬಿಟ್ಟುಕೊಟ್ಟದ್ದು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದು ಈ ಬಸವನಗುಡಿ ವಿಳಾಸಕ್ಕೆ ಕಳಿಸಿದರು. 1981ರಲ್ಲಿ ಅದು ಧಾರಾವಾಹಿಯಾಗಿ ಬಂತು. ತಲಾಖ್ ಆದ ಹೆಂಗಸಿನ ಬಾಳನ್ನು ಮುಸ್ಲಿಂ ಹೆಣ್ಣೊಬ್ಬಳೇ ಕನ್ನಡದಲ್ಲಿ ಹೇಳಿದ್ದು ಅಲ್ಲಿಯವರೆಗೆ ಓದುಗರು ಕಂಡಿರದ ಸಂಗತಿ. ಹಾಸನದ ಬಾನು ಮುಷ್ತಾಕ್ ಬಂಡಾಯದ ಒಳಗಿನಿಂದಲೇ ಬಂದವರು, ವಕೀಲಿ ಮಾಡುತ್ತ, ವರದಿ ಬರೆಯುತ್ತ, ಕಥೆ ಬರೆಯುತ್ತ ಬೆಳೆದವರು. ಮಸೀದಿಗೆ ಹೋಗುವ ಹಕ್ಕು ಹೆಂಗಸರಿಗೂ ಇದೆ ಎಂದದ್ದಕ್ಕೆ 2000ದಲ್ಲಿ ಅವರ ಮೇಲೆ ಸಾಮಾಜಿಕ ಬಹಿಷ್ಕಾರ ಬಿತ್ತು. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಅನುವಾದಿಸಿದ ಅವರ ಕಥೆಗಳಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದ ಮರುದಿನ ಅವರು ‘ಕನ್ನಡದ ಹೆಮ್ಮೆ’. ಅದೇ ಸೆಪ್ಟೆಂಬರಿನಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದರೆ ಆಕ್ಷೇಪ ಸುಪ್ರೀಂ ಕೋರ್ಟಿನವರೆಗೂ ಹೋಯಿತು; ಅಲ್ಲಿ ನಿಲ್ಲಲಿಲ್ಲ, ಅವರು ಉದ್ಘಾಟಿಸಿದರು. ಒಂದೇ ಹೆಂಗಸು, ಬಹಿಷ್ಕಾರ ಹಾಕಿದವರು ಒಂದು ಕಡೆಯವರು, ಆಕ್ಷೇಪ ಎತ್ತಿದವರು ಇನ್ನೊಂದು ಕಡೆಯವರು. ಅದೂ ನಾಲ್ಕೇ ತಿಂಗಳಲ್ಲಿ ಹೆಮ್ಮೆಯಿಂದ ತಕರಾರಿಗೆ.

ಹೆಸರಾದವರ ಮಾತಾಯಿತು. ಪದಗಳು ನಿಜವಾಗಿ ಕೆಲಸ ಮಾಡುವುದು ವಠಾರದಲ್ಲಿ. ಕಾಳಿದಾಸ ಲೇಔಟಿನಲ್ಲಿ ಎಪ್ಪತ್ತು ದಾಟಿದ ಒಬ್ಬರಿದ್ದಾರೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿ ನಿವೃತ್ತರಾದವರು. ಮದುವೆಯಾಗಿ ಬಂದಾಗ ಅವರಿದ್ದದ್ದು ಎಂಟು ಮನೆಯ ವಠಾರದಲ್ಲಿ, ಎಂಟೂ ಮನೆಗೆ ಒಂದೇ ನಲ್ಲಿ. ನೈಟ್ ಶಿಫ್ಟ್ ಮುಗಿಸಿ ಬೆಳಗ್ಗೆ ಆರೂವರೆಗೆ ಇವರು ಗೇಟು ತೆಗೆದಾಗ ನಲ್ಲಿಯ ಮುಂದೆ ಬಿಂದಿಗೆಗಳ ಸಾಲು, ಸಾಲಿನ ಹಿಂದೆ ಕಣ್ಣುಗಳ ಸಾಲು.

“ರಾತ್ರಿ ಡ್ಯೂಟಿಗೆ ಹೋಗ್ತಾಳೆ ಅನ್ನೋದನ್ನ ಹೆಂಗೋ ನುಂಗ್ಕೊಂಡ್ರು. ಸಂಬಳ ಬರ್ತಿತ್ತಲ್ಲ” ಎಂದು ಅವರು ನಕ್ಕರು. “ಲೂನಾ ತಗೊಂಡೆ ನೋಡಿ, ಅದನ್ನ ನುಂಗಕ್ಕೆ ಆಗ್ಲಿಲ್ಲ ಅವರಿಗೆ.”

ಕೆಂಪು ಲೂನಾ. ಪೆಡಲ್ ತುಳಿದು ಸ್ಟಾರ್ಟ್ ಮಾಡಬೇಕು, ರಾಮಾಂಜನೇಯ ಗುಡ್ಡದ ಏರು ಹತ್ತುವಾಗ ಇಂಜಿನ್ನಿನ ಜೊತೆ ಕಾಲೂ ಓಡಿಸಬೇಕು. ಸೀರೆಯ ನೆರಿಗೆ ಚೈನಿಗೆ ಸಿಕ್ಕದಂತೆ ಸೇಫ್ಟಿ ಪಿನ್ ಹಾಕಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಆ ಸೆರಗೇ ಸಾಕಾಯಿತಂತೆ. “ನಲ್ಲಿ ಹತ್ರ ಒಬ್ರು ನನಗೆ ಕೇಳಿಸೋ ಹಾಗೇ ಅಂದ್ರು, ಬಜಾರಿ ಥರ ಹೋಗ್ತಾಳೆ ನೋಡು ಅಂತ. ನಮ್ಮತ್ತೆ ಅಲ್ಲೇ ಇದ್ರು. ಏನೂ ಅನ್ನಲಿಲ್ಲ. ಒಳಗೆ ಬಂದು, ‘ಬಜಾರಕ್ಕೇ ಹೋಗ್ತಿದೀಯಲ್ಲ, ಬರ್ತಾ ಅರ್ಧ ಕೆ.ಜಿ. ಬೀನ್ಸ್ ತಗೊಂಡು ಬಾ’ ಅಂದ್ರು.”

ಅತ್ತೆ ಸೊಸೆಯ ಪರ ನಿಂತರೋ, ಚುಚ್ಚಿದರೋ ಎಂದು ಕೇಳಿದೆ.

“ಅದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಬೀನ್ಸ್ ಮಾತ್ರ ತಂದೆ.”

ಗಂಡಸರ ಬಂಡಾಯಕ್ಕೆ ಒಂದು ಸಂಘಟನೆ, ಒಂದು ಸಮ್ಮೇಳನ, ಒಂದು ಪತ್ರಿಕೆ ಇತ್ತು. ಹೆಸರನ್ನು ಅವರು ಒಟ್ಟಾಗಿ ಎತ್ತಿಕೊಂಡರು. ವಠಾರದ ಹೆಂಗಸು ಬಜಾರಿ ಎಂಬ ಮಾತನ್ನು ಕೇಳಿಸಿಕೊಂಡದ್ದು ಒಬ್ಬಳೇ, ಕೈಯಲ್ಲಿ ಬಿಂದಿಗೆ ಹಿಡಿದು. ಇತ್ತೀಚೆಗೆ ಹುಡುಗಿಯರು ತಮ್ಮ ತಮ್ಮ ವಾಟ್ಸಾಪ್ ಗುಂಪುಗಳಿಗೆ ಬಜಾರೀಸ್, ಗಂಡುಬೀರೀಸ್ ಎಂದೆಲ್ಲ ಹೆಸರಿಟ್ಟುಕೊಳ್ಳುವುದನ್ನು ನೋಡಿದ್ದೇನೆ. ಅದು ತಮಾಷೆಗೋ, ಪದವನ್ನು ಎತ್ತಿಕೊಳ್ಳುವ ಮೊದಲ ಹೆಜ್ಜೆಯೋ ಹೇಳುವುದು ಕಷ್ಟ. ಆ ಹುಡುಗಿಯರೇ ಅಪ್ಪ ಅಮ್ಮನ ಮುಂದೆ ಆ ಗುಂಪಿನ ಹೆಸರು ಕಾಣದಂತೆ ಫೋನು ಮಗುಚಿ ಇಡುತ್ತಾರೆ.

ಕಾಳಿದಾಸ ಲೇಔಟಿನ ಆ ಹಿರಿಯರನ್ನು ಕೊನೆಗೆ ಕೇಳಿದೆ, ಬಜಾರಿ ಎಂದವರ ಮೇಲೆ ಸಿಟ್ಟು ಇದೆಯೇ ಎಂದು.

“ಅಯ್ಯೋ, ಸಿಟ್ಟು ಯಾಕೆ? ಅವರ ಮಗಳಿಗೇ ಆಮೇಲೆ ಕೆಲಸ ಸಿಕ್ತು, ದೂರದ ಆಫೀಸು. ಎರಡು ಬಸ್ ಬದಲಾಯಿಸ್ಬೇಕಿತ್ತು. ಒಂದಿನ ಸಾಯಂಕಾಲ ಮನೆಗೆ ಬಂದು, ‘ನಮ್ಮ ಹುಡುಗೀಗೂ ಸ್ವಲ್ಪ ಗಾಡಿ ಕಲಿಸಿಕೊಡಿ’ ಅಂದ್ರು. ಆಮೇಲೆ ಆ ವಠಾರದಿಂದಾನೇ ನಾಲ್ಕೈದು ಹುಡುಗೀರು ಬಂದ್ರು. ಭಾನುವಾರ ಬೆಳಗ್ಗೆ ಗ್ರೌಂಡಲ್ಲಿ ಕಲಿಸ್ತಿದ್ದೆ. ದುಡ್ಡೇನೂ ಇಲ್ಲ, ಪೆಟ್ರೋಲ್ ಖರ್ಚು ಮಾತ್ರ ಈಸ್ಕೋತಿದ್ದೆ.”